ತಂಬಿಗೆಯ ಮೇಲಿನ ಹೆಸರು

೯ ಫೆಬ್ರವರಿ ೧೯೯೯, ಮಂಗಳವಾರ

ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಇದು. ಯಜಮಾನರಿಗೆ ಇಂಥವು ಮೂರು ಬಂದಿದ್ದವು, ಒಂದು ನನ್ನ ಪಾಲಿಗೆ ಬಿತ್ತು. ಮೊದಲ ಪುಟದಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ರಕ್ತದ ಗುಂಪು ಎಂದೆಲ್ಲ ಅಚ್ಚು ಹಾಕಿದ್ದಾರೆ. ಗಂಗಾಮಣಿ ಎಂದು ಬರೆದೆ. ರಕ್ತದ ಗುಂಪು ಗೊತ್ತಿಲ್ಲ. ಗಂಡನ ಹೆಸರಿನ ಜಾಗ ಖಾಲಿ ಬಿಟ್ಟೆ. ಮೂವತ್ತನಾಲ್ಕು ವರ್ಷ ಬಾಯಲ್ಲಿ ಹೇಳದ ಹೆಸರನ್ನು ಕೈಯಲ್ಲಿ ಬರೆಯುವುದು ಹೇಗೆ? ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು.

ಬರೆಯುತ್ತಿರುವುದು ಯಾಕೆಂದರೆ ಈ ಊರಿನಲ್ಲಿ ಯಾರ ಹತ್ತಿರ ಹೇಳಿಕೊಂಡರೂ ಮಾತು ಸಂಜೆಯೊಳಗೆ ಯಸಳೂರು ಬಸ್‌ಸ್ಟ್ಯಾಂಡ್ ಮುಟ್ಟುತ್ತದೆ.

ಮಗ ವಸಂತನ ಮದುವೆಯಾಗಿ ಹನ್ನೆರಡು ದಿನ. ಸೊಸೆ ಇವತ್ತು ತವರಿನ ಪಾತ್ರೆಗಳನ್ನು ಬಿಚ್ಚಿದಳು. ಹಂಡೆ, ಕೊಳಗ, ತಟ್ಟೆ, ಲೋಟ, ಮೂರು ಡಬ್ಬಿಯ ಕ್ಯಾರಿಯರ್. ಒಂದೊಂದರ ಮೇಲೂ ಎಲ್. ದೀಪಶ್ರೀ, ಎಲ್. ದೀಪಶ್ರೀ ಎಂದು ಹೆಸರು ಹಾಕಿಸಿದ್ದಾರೆ. ಸೌಟನ್ನೂ ಬಿಟ್ಟಿಲ್ಲ. ಎಲ್ ಎಂದರೆ ಲಕ್ಕಪ್ಪ, ಅವಳ ಅಪ್ಪ. ಆಲೂರು ಕಡೆ ಯಾರದೋ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಮೂವತ್ತು ವರ್ಷ ಆಳುಗಳ ಹಾಜರಿ ಬರೆದವನ ಹೆಸರು ಈಗ ನನ್ನ ಸಾರಿನೊಳಗೆ ಮುಳುಗಿ ಏಳುತ್ತದೆ. ನನಗೆ ಅಸಹ್ಯವಾಯಿತು.

ವಸಂತನೇ ನೋಡಿ ಒಪ್ಪಿಕೊಂಡ ಹುಡುಗಿ. ಯಸಳೂರು ಹೈಸ್ಕೂಲಿನಲ್ಲಿ ಟೀಚರ್. ಆ ಮಹಾರಾಯ್ತಿ ಚಪ್ಪಲಿಯನ್ನು ಒಳಬಾಗಿಲ ತನಕ ಹಾಕಿಕೊಂಡು ಬರುತ್ತಾಳೆ. ಕಾಫಿ ತೋಟದ ಮನೆಗೆ ಬಂದು ಟೀ ಕುಡಿಯುತ್ತಾಳೆ. ಲೋಟವನ್ನು ತಾನೇ ತೊಳೆದಿಡುತ್ತಾಳೆ, ಅದೊಂದು ಸರಿ.

೧೩ ಫೆಬ್ರವರಿ, ಶನಿವಾರ

ಶಾಲೆಯ ವಾರ್ಷಿಕೋತ್ಸವ. ಯಜಮಾನರು ನಾಲ್ಕು ಫ್ಯಾನ್ ದಾನ ಕೊಟ್ಟಿದ್ದರಿಂದ ಮುಖ್ಯ ಅತಿಥಿ. ಫ್ಯಾನಿನ ಒಂದೊಂದು ರೆಕ್ಕೆಯ ಮೇಲೂ ಕೆಂಪು ಬಣ್ಣದಲ್ಲಿ ಅವರ ಹೆಸರು ಬರೆಸಿದ್ದಾರೆ. ತಿರುಗುವಾಗ ಹೆಸರು ಕಾಣುವುದಿಲ್ಲ. ಅವರು ಕತ್ತೆತ್ತಿ ಕತ್ತೆತ್ತಿ ನೋಡುತ್ತಿದ್ದುದನ್ನು ಕಂಡರೆ, ಒಂದು ಸಲ ಕರೆಂಟು ಹೋಗಬಾರದೇ ಎಂದು ಬೇಡಿಕೊಳ್ಳುತ್ತಿದ್ದ ಹಾಗಿತ್ತು.

ಕೊನೆಗೆ ಹೆಡ್‌ಮಾಸ್ಟರು ಮೈಕಿನಲ್ಲಿ, "ಈಗ ವಂದನಾರ್ಪಣೆ, ನಮ್ಮ ಶಾಲೆಯ ಎಲ್. ದೀಪಶ್ರೀ ಅವರಿಂದ" ಎಂದರು. ಯಜಮಾನರ ಮುಖ ಕಪ್ಪಿಟ್ಟಿತು. ಮನೆಗೆ ಬಂದವರೇ ಪೇಟವನ್ನು ಮಂಚದ ಮೇಲೆ ಬಿಸಾಡಿದರು.

"ಸ್ಟೇಜ್ ಮೇಲೆ ನಾನು ಕುಂತಿದ್ದೀನಿ. ನಮ್ಮನೆ ಸೊಸೆನ ಆ ರೈಟರ್ ಹೆಸ್ರಿಡ್ದು ಕರೀತಾರೆ. ನಾನೇನು ಸತ್ತೋಗಿದ್ನಾ?"

ನಾನು ಸುಮ್ಮನಿರಬಹುದಿತ್ತು. ಪಾತ್ರೆಗಳ ವಿಷಯ ಹೇಳಿದೆ. ಸೌಟಿನ ವಿಷಯವನ್ನೂ ಹೇಳಿದೆ. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದರಲ್ಲಿ ಒಂದು ಸುಖವಿದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಅವಳ ಅಪ್ಪ ಅಮ್ಮ ಹೇಳಿಕೊಟ್ಟಿಲ್ಲವೆಂದರೆ ನಾವಾದರೂ ಹೇಳಿಕೊಡಬೇಕಲ್ಲ.

೧೭ ಫೆಬ್ರವರಿ, ಬುಧವಾರ

ಯಜಮಾನರು ಸಕಲೇಶಪುರಕ್ಕೆ ಹೋಗಿ ಛಾಪಾ ಕಾಗದದಲ್ಲಿ ಟೈಪ್ ಮಾಡಿಸಿಕೊಂಡು ಬಂದರು. ಈ ಹಿಂದೆ ಎಲ್. ದೀಪಶ್ರೀ ಎಂದು ಕರೆಯಲ್ಪಡುತ್ತಿದ್ದ ನಾನು ಇನ್ನು ಮುಂದೆ ದೀಪಶ್ರೀ ವಸಂತ್ ಗೌಡ ಎಂದು ಕರೆಯಲ್ಪಡತಕ್ಕದ್ದು. ಸಹಿ ಹಾಕಿದ ಮೇಲೆ ಪೇಪರಿನಲ್ಲಿ ಬರುತ್ತದಂತೆ, ಆಮೇಲೆ ಶಾಲೆಯ ದಾಖಲೆಯಲ್ಲೂ ಬದಲಾಗುತ್ತದಂತೆ. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು.

ಅವಳು ಎರಡು ಸಲ ಓದಿದಳು. ಮಡಿಸಿ ಮೇಜಿನ ಮೇಲಿಟ್ಟಳು.

"ಬೇಡ ಮಾವ. ಓದಿದ್ದು, ಪಾಸಾಗಿದ್ದು, ಕೆಲಸ ಸಿಕ್ಕಿದ್ದು ಎಲ್ಲ ಆ ಹೆಸರಲ್ಲಿ. ಈಗ ಬದಲಾಯಿಸಿದ್ರೆ ಅದನ್ನೆಲ್ಲ ಬೇರೆ ಯಾರೋ ಮಾಡಿದಂಗಾಗುತ್ತೆ. ಮನೇಲಿ ನೀವು ಹೆಂಗೆ ಬೇಕಾದ್ರೂ ಕರೀರಿ."

"ಮನೇಲಿ ಕರಿಯೋಕೆ ನನಗೆ ಛಾಪಾ ಕಾಗ್ದ ಬೇಕಾ? ಊರಲ್ಲಿ ತಲೆ ಎತ್ಕೊಂಡು ತಿರುಗ್ಬೇಕಲ್ಲಮ್ಮ ನಾನು."

"ಅದರಲ್ಲಿ ತಲೆ ತಗ್ಗಿಸೋದು ಏನೈತೆ ಮಾವ? ನಮ್ಮಪ್ಪ ಯಾರ ಮನೇನೂ ಕೊಳ್ಳೆ ಹೊಡೆದಿಲ್ಲ."

ಎಷ್ಟು ಧೈರ್ಯ. ದನಿಯನ್ನೂ ಎತ್ತಲಿಲ್ಲ, ಅದೇ ಇನ್ನೂ ಅಸಹ್ಯ. ಜಗಳವಾಡುವವರನ್ನು ನಾನು ಸಹಿಸುತ್ತೇನೆ, ಪಾಠ ಹೇಳುವವರನ್ನು ಸಹಿಸಲಾರೆ. ವಸಂತ ಅಲ್ಲೇ ಕೂತು ಕಾಲಿನ ಉಗುರು ನೋಡಿಕೊಳ್ಳುತ್ತಿದ್ದ. ಮೆಣಸು ಕೊಯ್ಯುವ ಏಣಿ ಮುರಿದಿದೆ, ನೋಡಿ ಬರುತ್ತೇನೆ ಎಂದು ಎದ್ದು ಹೋದ. ಯಾವ ಏಣಿಯೂ ಮುರಿದಿರಲಿಲ್ಲ.

ನನಗೂ ಹೆಸರು ಬದಲಾಯಿಸಿದರು. ಅಪ್ಪನ ಅಕ್ಷರ ಮಾತ್ರವಲ್ಲ, ಹೆಸರಿಗೆ ಹೆಸರನ್ನೇ ತೆಗೆದರು. ನಾನೇನು ಸತ್ತೆನೇ?

೨೨ ಫೆಬ್ರವರಿ, ಸೋಮವಾರ

ಪಾತ್ರೆಗೆ ಹೆಸರು ಹಾಕುವ ಜವರಯ್ಯ ಬಂದಿದ್ದ. ನಾನೇ ಹೇಳಿಕಳುಹಿಸಿದ್ದೆ. ಸೊಸೆ ಶಾಲೆಗೆ ಹೋಗಿದ್ದಳು. ಕ್ಯಾರಿಯರ್ ತೆಗೆದುಕೊಂಡು ಹೋಗುವುದನ್ನು ಇವತ್ತು ಮರೆತಿದ್ದಳು. ಮೊದಲು ಅದನ್ನೇ ಅವನ ಮುಂದಿಟ್ಟೆ. ಅವನು ಕಣದ ಅಂಚಿನಲ್ಲಿ ಕೂತು ತಿರುಗಿಸಿ ತಿರುಗಿಸಿ ನೋಡಿದ.

"ಕೆರೆದ್ರೆ ಪಾತ್ರೆ ತೆಳ್ಳಗಾಯ್ತದೆ ಅಮ್ಮಾರೆ. ಅದ್ರ ಮೇಲೆ ಚುಕ್ಕಿ ಹೊಡ್ದು ಹೂ ಮಾಡ್ಬುಡ್ತೀನಿ. ಕೆಳಗೇನಿತ್ತು ಅಂತ ದೇವ್ರಿಗೂ ಗೊತ್ತಾಗಾಕಿಲ್ಲ."

"ದಿನಾ ಇದೇ ಕೆಲಸವೇನೋ ನಿಂಗೆ?"

"ಮದ್ವೆ ಕಾಲದಾಗೆ ಹೆಸ್ರು ಹಾಕೋದು. ಮದ್ವೆ ಮುಗುದ್ ಮೇಲೆ ಹೂ ಹಾಕೋದು."

ಟಕ ಟಕ ಟಕ ಎಂದು ಎಲ್ ಮೇಲೆ ಐದೆಸಳಿನ ಹೂ ಕೂತಿತು. ಉಳಿದದ್ದು ಬರಿಯ ದೀಪಶ್ರೀ. ಚೆನ್ನಾಗಿಯೇ ಮಾಡಿದ.

ಆಗ ನನಗೊಂದು ಯೋಚನೆ ಬಂತು. ನನ್ನ ತವರಿನ ಪಾತ್ರೆಯನ್ನೇ ಒಂದು ತಂದಿಟ್ಟು, "ನೋಡು, ನಾನೂ ಅಪ್ಪನ ಮನೆಯಿಂದ ಹೆಸರು ಹೊತ್ತುಕೊಂಡೇ ಬಂದವಳು, ಇಲ್ಲಿ ಗಂಗಾಮಣಿಯಾಗಿ ಬದುಕಲಿಲ್ಲವೇ" ಎಂದು ಸಂಜೆ ಅವಳಿಗೆ ತೋರಿಸಬೇಕು. ಅಟ್ಟ ಹತ್ತಿದೆ. ಸ್ಟೋರ್ ರೂಮು ನೋಡಿದೆ. ಹಳೆಯ ಪಾತ್ರೆಗಳ ಪೆಟ್ಟಿಗೆ ಬಿಚ್ಚಿದೆ. ಯಜಮಾನರ ಹೆಸರಿನವು ಇವೆ, ಮಾವನವರ ಹೆಸರಿನವು ಇವೆ, ಸತ್ತ ಚಿಕ್ಕಮಾವನವರ ಹೆಸರಿನ ಎಲೆ ಅಡಿಕೆ ತಟ್ಟೆ ಕೂಡ ಇದೆ. ನನ್ನದು ಒಂದೂ ಇಲ್ಲ.

ಆಮೇಲೆ ನೆನಪಾಯಿತು. ಹದಿನೈದು ವರ್ಷದ ಹಿಂದೆ ಅತ್ತೆ ತೀರಿಕೊಂಡಾಗ ಅವರ ಪಾತ್ರೆಗಳೆಲ್ಲ ನಾದಿನಿ ಜಗದಾಂಬಳ ಪಾಲಿಗೆ ಹೋದವು. ಅತ್ತೆಯ ಹೆಸರೂ ನನ್ನ ತವರಿನ ಹೆಸರೂ ಒಂದೇ. ಅದರಿಂದಲೇ ನನ್ನ ಹೆಸರು ಬದಲಾದದ್ದು. ಅಮ್ಮನ ಹೆಸರಿದೆ ಎಂದು ಜಗದಾಂಬ ತಿಳಿಯದೆ ನನ್ನವನ್ನೂ ಕಟ್ಟಿಕೊಂಡು ಹೋದಳು. ಪಾಪ, ಅವಳಿಗೇನು ಗೊತ್ತು.

ಉಳಿದವನ್ನು ಮುಂದಿನ ಸಲ ನೋಡೋಣ ಎಂದು ಜವರಯ್ಯನನ್ನು ಕಳುಹಿಸಿದೆ.

೨೩ ಫೆಬ್ರವರಿ, ಮಂಗಳವಾರ

ಬೆಳಿಗ್ಗೆ ಸೊಸೆ ಚಿತ್ರಾನ್ನ ತುಂಬುವಾಗ ಹೂ ನೋಡಿದಳು. ಹೆಬ್ಬೆರಳಿನಿಂದ ಅದನ್ನು ಉಜ್ಜಿದಳು, ಹೊಲಸು ಮೆತ್ತಿಕೊಂಡಿದೆ ಎಂದುಕೊಂಡಳೋ ಏನೋ. ಹೋಗಲಿಲ್ಲ. ನನ್ನ ಕಡೆ ನೋಡಿದಳು. ನಾನು ಒಲೆಯ ಕಡೆ ತಿರುಗಿದೆ.

ಅವಳು ಮುಚ್ಚಳ ಹಾಕಿ, ಬ್ಯಾಗಿಗಿಟ್ಟುಕೊಂಡು ಬಸ್ಸಿಗೆ ಹೋದಳು. ಸಂಜೆ ಡಬ್ಬಿ ತೊಳೆದು ಬೋರಲು ಹಾಕಿದ್ದಳು. ಊಟ ಮಾಡಿದ್ದಾಳೆ. ಬಿಟ್ಟು ಬಂದಿದ್ದರೆ ಬೈಯಬಹುದಿತ್ತು.

೨೮ ಫೆಬ್ರವರಿ, ಭಾನುವಾರ

ನಾಲ್ಕು ದಿನ ಬರೆದಿಲ್ಲ. ತಲೆಯೊಳಗೆ ಒಂದೇ ಕಥೆ ತಿರುಗುತ್ತಿದೆ, ಬರೆದರೆ ಹೋಗಬಹುದು.

ನಾನು ಮದುವೆಯಾಗಿ ಬಂದಾಗ ಹದಿನೇಳು. ಹೊಸಿಲ ಮೇಲೆ ಅಕ್ಕಿಯ ಸೇರು ಇಟ್ಟಿದ್ದರು, ಒದೆಯಲು ಕಾಲೆತ್ತಿದ್ದೆ. ಅತ್ತೆ ಒಳಗಿನಿಂದ, "ತಡೀರಿ" ಎಂದರು. ಕಾಲು ಎತ್ತಿದ ಹಾಗೇ ನಿಂತೆ.

"ಅಲ್ಲ, ನನ್ನ ಹೆಸ್ರೂ ಅದೇಯ, ಅವಳ ಹೆಸ್ರೂ ಅದೇಯ. ನಾಳೆ ನನ್ ಮಗ ಹೆಂಡ್ತಿನ ಬೈಬೇಕಾದ್ರೆ ನನ್ ಹೆಸ್ರಿಡ್ದು ಬೈಯೋಕಾಯ್ತದಾ? ಬೇರೆ ಏನಾದ್ರು ಇಟ್ಟು ಒಳೀಕೆ ಕರೀರಿ."

ಏನಿಡುವುದು ಎಂದು ಯಾರಿಗೂ ತೋಚಲಿಲ್ಲ. ಹಿಂದಿದ್ದವರಿಗೆಲ್ಲ ಊಟದ ಹೊತ್ತಾಗಿತ್ತು. ಹತ್ತು ವರ್ಷದ ಜಗದಾಂಬ, "ಗಂಗಾಮಣಿ ಅಂತ ಇಡಿ, ನಮ್ಮಿಸ್ಕೂಲ್ ಟೀಚರ್ ಹೆಸ್ರು" ಎಂದಳು. ಎಲ್ಲರೂ ನಕ್ಕರು, ಅದೇ ಆಯಿತು. ಹುಡುಗಿಯೊಬ್ಬಳು ಬೊಂಬೆಗೆ ಇಡುವಂತೆ ಇಟ್ಟ ಹೆಸರಿನಲ್ಲಿ ನಾನು ಮೂವತ್ತನಾಲ್ಕು ವರ್ಷ ಬೇಯಿಸಿ ಹಾಕಿದ್ದೇನೆ. ಮದುವೆಯ ದಿನ ನನಗೂ ನಗು ಬಂದಿತ್ತು. ಇವತ್ತು ಬರೆಯುವಾಗ ಬರುತ್ತಿಲ್ಲ, ಬಾಯಿ ಕಹಿಯಾಗುತ್ತಿದೆ.

ಅಪ್ಪ ಮಾತ್ರ ಬಂದಾಗಲೆಲ್ಲ ಬೇಲಿಯ ಆಚೆಯಿಂದ ಹಳೆಯ ಹೆಸರನ್ನೇ ಕೂಗುತ್ತಿದ್ದ. ಅತ್ತೆ ಒಳಗಿನಿಂದ "ಏನು" ಎನ್ನುತ್ತಿದ್ದರು. ಅಪ್ಪನಿಗೆ ನಾಚಿಕೆಯಾಗಿ, ಆಮೇಲಾಮೇಲೆ ಏನೂ ಕೂಗದೆ ಬರಿದೇ ಕೆಮ್ಮತೊಡಗಿದ.

ಕೆಂಚಮ್ಮ. ಬರೆದೆ, ಆಯಿತು. ಆಲೂರು ಕಡೆಯವರಿಗೆ ಅದು ದೇವಿಯ ಹೆಸರು.

೬ ಮಾರ್ಚ್, ಶನಿವಾರ

ಇವರು ಗಡುವು ಹಾಕಿದರು. ಯುಗಾದಿ ದಿನ ಸಹಿ ಆಗಬೇಕು, ಇಲ್ಲವಾದರೆ ಅವಳು ತವರಿಗೆ ಹೋಗಿ ಲಕ್ಕಪ್ಪನ ಮಗಳಾಗಿಯೇ ಇರಲಿ.

ವಸಂತ ಹೆಂಡತಿಗೆ, "ಒಂದು ಸಹಿ ತಾನೆ ಮಾರಾಯ್ತಿ, ಹಾಕ್ಬುಡು, ಮನೇಲಿ ಶಾಂತಿ ಇರ್ಲಿ" ಎಂದ. ಇವನನ್ನು ನಾನೇ ಹೆತ್ತೆನೇ ಎನ್ನಿಸಿತು.

ಸಂಜೆ ಸೊಸೆ ಅಡುಗೆಮನೆಗೆ ಬಂದು ಸೊಪ್ಪು ಬಿಡಿಸುತ್ತ ಕೂತಳು. "ಅತ್ತೆ, ನೀವು ಒಂದು ಮಾತು ಹೇಳಿದ್ರೆ ಮಾವ ಬಿಡ್ತಾರೆ" ಎಂದಳು.

"ನನ್ನ ಮಾತು ಈ ಮನೇಲಿ ಯಾರು ಕೇಳ್ತಾರಮ್ಮ" ಎಂದೆ. ಪಾತ್ರೆಯ ವಿಷಯದಲ್ಲಿ ಅವರು ನನ್ನ ಮಾತನ್ನು ಎಷ್ಟು ಚೆನ್ನಾಗಿ ಕೇಳಿದರು ಎನ್ನುವುದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳು ಸೊಪ್ಪು ಬಿಡಿಸಿ ಮುಗಿಸಿ ಎದ್ದು ಹೋದಳು.

೯ ಮಾರ್ಚ್, ಮಂಗಳವಾರ

ವನಗೂರಿಗೆ, ಜಗದಾಂಬಳ ಮನೆಗೆ ಹೋಗಿದ್ದೆ. ಯುಗಾದಿಗೆ ಕರೆಯುವ ನೆಪ. ಆ ಏರಿನಲ್ಲಿ ಜೀಪು ಕುಲುಕಿದ ಕುಲುಕಿಗೆ ಹೊಟ್ಟೆಯೊಳಗಿನದೆಲ್ಲ ಬಾಯಿಗೆ ಬಂದಿತ್ತು. ಇಳಿದವಳೇ ಹಿತ್ತಿಲ ಕಕ್ಕಸಿಗೆ ಹೋದೆ.

ಬೇರೆಯವರ ಮನೆಯಲ್ಲಿ ಪ್ಲಾಸ್ಟಿಕ್ ಮಗ್ಗು ಇಟ್ಟಿರುತ್ತಾರೆ. ಇವಳ ಕಕ್ಕಸಿನಲ್ಲಿ ತಾಮ್ರದ ತಂಬಿಗೆ. ಕಪ್ಪಾಗಿ, ಹಸಿರು ಕಟ್ಟಿ, ಒಂದು ಬದಿ ನೆಗ್ಗಿತ್ತು. ನೀರು ಮೊಗೆಯಲು ಕೈ ಹಾಕಿದರೆ ಕುತ್ತಿಗೆಯ ಹತ್ತಿರ ಚುಕ್ಕಿ ಚುಕ್ಕಿ ಬೆರಳಿಗೆ ಸಿಕ್ಕಿತು. ಬಾಗಿಲು ಅರೆ ತೆರೆದು ಬೆಳಕಿಗೆ ಹಿಡಿದು ಓದಿದೆ.

ಭೂ. ಕೆಂಚಮ್ಮ.

ಭೂ ಎಂದರೆ ಭೂತಯ್ಯ. ನಮ್ಮಪ್ಪ. ಹೆಸರು ಹಾಕುವವನು ಬರಿ ಕೆಂಚಮ್ಮ ಎಂದು ಕೊರೆಯಲು ಹೊರಟಾಗ ಅಪ್ಪ ತಡೆದು, ಮುಂದೆ ನನ್ನ ಅಕ್ಷರ ಹಾಕು, ಆ ಮನೆಯಲ್ಲಿ ಇನ್ನೊಬ್ಬರು ಕೆಂಚಮ್ಮ ಇದ್ದಾರೆ, ನಾಳೆ ತಕರಾರು ಬರಬಾರದು ಎಂದಿದ್ದ. ನಾನು ಪಕ್ಕದಲ್ಲೇ ಕೂತಿದ್ದೆ. ಅದನ್ನು ಹೇಗೆ ಮರೆತೆ? ಹದಿನೈದು ವರ್ಷ, ಹೆಸರು ಒಂದೇ ಆದ್ದರಿಂದ ಕಲಸಿಹೋಯಿತು, ಜಗದಾಂಬಗೆ ತಿಳಿಯಲಿಲ್ಲ ಎಂದುಕೊಂಡಿದ್ದೆ. ಕಕ್ಕಸಿನ ನೊಣಗಳ ನಡುವೆ ನಿಂತು ವಾಂತಿ ಮಾಡಿಕೊಂಡೆ. ಜೀಪಿನದೋ, ಇದರದೋ.

ತಂಬಿಗೆ ಹಿಡಿದುಕೊಂಡೇ ಒಳಗೆ ಹೋದೆ. ಜಗದಾಂಬ ಮೂಗು ಮುಚ್ಚಿಕೊಂಡಳು.

"ಅಯ್ಯೋ ಅತ್ತಿಗೆ, ಅದ್ಯಾಕೆ ಒಳೀಕೆ ತಂದ್ರಿ?"

"ಇದು ನಿಮ್ಮಮ್ಮನ ತಂಬಿಗೆ ಅಲ್ವೇನೇ? ಇಲ್ಲಿಟ್ಟಿದ್ದೀಯಲ್ಲ."

"ಅಮ್ಮಂದು ದೇವ್ರ ಮನೇಲಿ ಐತೆ ಕಣತ್ತಿಗೆ. ಇದ್ರ ಮುಂದೆ ಭೂ ಅಂತ ಐತಲ್ಲ, ಇದು ನಿಮ್ಮ ತವ್ರುಮನೇದು. ಹಂಡೆ ಕೊಳಗ ಎಲ್ಲ ಗುಜರಿಗಾಕಿ ಸ್ಟೀಲ್ ತಗೊಂಡೆ. ಇದೊಂದು ನೆಗ್ಗಿತ್ತು ಅಂತ ಉಳ್ಕಂಡೈತೆ."

"ಗೊತ್ತಿದ್ದೂ ತಗೊಂಡು ಬಂದ್ಯಾ?"

"ನಾನೇನ್ ಕದ್ದು ತಂದ್ನಾ? ಅಣ್ಣನ್ನ ಕೇಳ್ದೆ. ಭೂ ಅಂತ ಇರೋವು ಅತ್ತಿಗೇವು, ಬಿಟ್ಟೋಗ್ಲಾ ಅಂದೆ. ಅವಳು ಈಗ ಗಂಗಾಮಣಿ, ಈ ಮನೇಲಿ ಕೆಂಚಮ್ಮ ಅಂತ ಇದ್ದೋರು ನಮ್ಮಮ್ಮ ಒಬ್ರೇಯ, ಹೆಸ್ರಿರೋವೆಲ್ಲ ತಗೊಂಡೋಗು ಅಂದ. ನೀವೂ ಅಲ್ಲೇ ಇದ್ರಲ್ಲ. ಗೋಣಿಚೀಲದ ಬಾಯಿ ಹೊಲ್ದು ಕೊಟ್ಟೋರೇ ನೀವು."

ನಿಜ. ನಾನೇ ಹೊಲಿದೆ. ದಬ್ಬಳ ಹೆಬ್ಬೆರಳಿಗೆ ಚುಚ್ಚಿತ್ತು ಕೂಡ.

ಕಾಫಿ ಕುಡಿಯಿರಿ ಎಂದಳು. ಬೇಡವೆಂದೆ. ತಂಬಿಗೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಬಂದೆ. ಜೀಪಿನಲ್ಲಿ ಪಕ್ಕದವಳು ವಾಸನೆಗೆ ಸೆರಗು ಮೂಗಿಗೆ ಹಿಡಿದಳು. ನಾನು ಹಿಡಿಯಲಿಲ್ಲ.

೧೦ ಮಾರ್ಚ್, ಬುಧವಾರ

ಹುಣಸೆಹಣ್ಣು, ಉಪ್ಪು, ಬೂದಿ. ಮೂರು ಸಲ ಉಜ್ಜಿದೆ. ಕುದಿಯುವ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ಉಜ್ಜಿದೆ. ಕೆಂಪಗೆ ಬಂತು. ಅದರಲ್ಲಿ ನೀರು ಹಾಕಿಕೊಂಡು ಕುಡಿದೆ. ಕುಡಿಯುವಾಗ ಮೈ ಜುಮ್ಮೆಂದಿತು, ಆದರೂ ಕುಡಿದೆ.

ಇವರು ಊಟಕ್ಕೆ ಕೂತಾಗ ಮುಖ ನೋಡಿದೆ. ಹದಿನೈದು ವರ್ಷದ ಹಿಂದಿನದು ನೆನಪಿರುವ ಮುಖವಲ್ಲ. ಮಜ್ಜಿಗೆಯನ್ನು ಸೊರ್ ಎಂದು ಎಳೆಯುತ್ತಿದ್ದರು. ಆ ಸದ್ದು ಇಷ್ಟು ಹೇಸಿಗೆ ಎಂದು ಇಷ್ಟು ವರ್ಷ ನನಗೇ ತಿಳಿದಿರಲಿಲ್ಲ.

೧೫ ಮಾರ್ಚ್, ಸೋಮವಾರ

ದೀಪಶ್ರೀ ಸೋತಳು.

ಶಾಲೆಯಿಂದ ಬಂದವಳು ಚಪ್ಪಲಿಯನ್ನು ಹೊರಗೇ ಬಿಟ್ಟಳು. ನೇರ ಮಾವನ ಹತ್ತಿರ ಹೋಗಿ, "ಯುಗಾದಿ ದಿನ ಸಹಿ ಹಾಕ್ತೀನಿ ಮಾವ" ಎಂದಳು. ಇವರು ಮೀಸೆಯ ಮೇಲೆ ಕೈಯಾಡಿಸಿಕೊಂಡು, "ಜಾಣೆ ಕಣಮ್ಮ ನೀನು" ಎಂದರು. ವಸಂತ ಹಲ್ಲು ಕಿರಿದ.

ನಾನು ಹಿಂದೆಯೇ ಹೋಗಿ ಯಾಕಮ್ಮ ಎಂದು ಕೇಳಿದೆ.

"ಅಪ್ಪ ಶಾಲೆ ಹತ್ರ ಬಂದಿದ್ರು ಅತ್ತೆ. ಸುದ್ದಿ ಆಲೂರು ತನಕ ಹೋಗೈತೆ. ನನ್ನ ಅಕ್ಷರದಿಂದ ನಿನ್ನ ಸಂಸಾರ ಕೆಡೋದು ಬ್ಯಾಡ ಮಗಳೇ, ತೆಗೆದುಹಾಕ್ಬುಡು ಅಂದ್ರು. ಗೇಟಿನ ಹೊರಗೇ ನಿಂತಿದ್ರು. ಒಳಗೆ ಬನ್ನಿ ಅಂದ್ರೂ ಬರಲಿಲ್ಲ."

ಗೆದ್ದೆ ಎನ್ನಿಸಬೇಕಿತ್ತು. ತಿಂಗಳ ಹಿಂದೆ ನನಗೆ ಬೇಕಿದ್ದುದು ಇದೇ ಅಲ್ಲವೇ? ಬೇಲಿಯ ಆಚೆ ನಿಂತು ಕೆಮ್ಮುತ್ತಿದ್ದವನ ನೆನಪಾಯಿತು. ಫ್ಯಾನಿನ ರೆಕ್ಕೆಗೆಲ್ಲ ತಮ್ಮ ಹೆಸರು ಬರೆಸುವವರಿಗೆ ಆ ಮುದುಕನ ಒಂದು ಅಕ್ಷರ ಡಬ್ಬಿಯ ಮೇಲೆ ಇರುವುದು ಭಾರವಾಯಿತು. ಅವರನ್ನೇಕೆ ಅನ್ನಲಿ, ಹೂ ಹಾಕಿಸಿದವಳು ನಾನು. ಥೂ.

ರಾಗಿ ಹಿಟ್ಟಿನ ಕೈಯಲ್ಲೇ ಬರೆಯುತ್ತಿದ್ದೇನೆ, ಪುಟವೆಲ್ಲ ಗಲೀಜಾಯಿತು.

೧೮ ಮಾರ್ಚ್, ಗುರುವಾರ. ಯುಗಾದಿ

ಎಣ್ಣೆ ನೀರು ಆಯಿತು, ಪೂಜೆ ಆಯಿತು, ಬೇವು ಬೆಲ್ಲ ಆಯಿತು. ಹನ್ನೊಂದರ ಹೊತ್ತಿಗೆ ಜಗದಾಂಬ ಗಂಡನ ಜತೆ ಜೀಪಿನಲ್ಲಿ ಬಂದಳು. ಊಟಕ್ಕೆ ಮೊದಲು ಒಳ್ಳೆಯ ಕೆಲಸ ಮುಗಿಸೋಣ ಎಂದು ಇವರು ನಡುಮನೆಯ ಮೇಜಿನ ಮೇಲೆ ಆ ಕಾಗದ ಹರಡಿದರು. ಗಾಳಿಗೆ ಹಾರಬಾರದೆಂದು ಅದರ ತುದಿಗೆ ಬೇವಿನ ತಟ್ಟೆ ಇಟ್ಟರು. ಸೀಲು ಹಾಕುವವನ ಹತ್ತಿರ ಮೊದಲೇ ಮಾತಾಡಿದ್ದಾರಂತೆ, ಸಹಿ ಮಾಡಿಸಿ ತಂದರೆ ಸಾಕಂತೆ.

ದೀಪಶ್ರೀ ಹೊಸ ಸೀರೆಯುಟ್ಟು ಪೆನ್ನು ಹಿಡಿದು ನಿಂತಿದ್ದಳು. ಕ್ಯಾಪು ತೆಗೆದಿರಲಿಲ್ಲ.

"ಲೇ ಇವಳೇ, ನೀನೂ ಬಾ, ಸಾಕ್ಷಿಗೆ. ಬರ್ತಾ ಒಂದ್ ಲೋಟ ನೀರು ತಗೊಂಡ್ ಬಾ" ಎಂದು ಇವರು ಕೂಗಿದರು.

ನಾನು ಲೋಟ ತೆಗೆದುಕೊಳ್ಳಲಿಲ್ಲ. ತಂಬಿಗೆಯಲ್ಲಿ ನೀರು ತುಂಬಿಸಿ ತಂದು ಕೈಗೆ ಕೊಟ್ಟೆ. ಕೊಡುವಾಗ ಇದನ್ನು ಹೀಗೇ ಮಾಡಬೇಕೆಂದು ಯೋಚಿಸಿದ್ದೆನೋ ಇಲ್ಲವೋ ಹೇಳಲಾರೆ. ಕೈ ತಾನೇ ತಂಬಿಗೆ ಇಟ್ಟಿದ್ದ ಗೂಡಿಗೆ ಹೋಯಿತು.

ಇವರು ತಂಬಿಗೆಯ ಹೊಳಪು ನೋಡಿದರು. ಕುತ್ತಿಗೆಯ ಮೇಲಿನ ಹೆಸರು ಓದಿದರು. ಮುಖ ಕರಗಿಹೋಯಿತು.

"ಕೆಂಚಮ್ಮ. ಅಮ್ಮನ ತಂಬಿಗೆ ಕಣ್ರೋ ಇದು. ಹಬ್ಬದ ದಿನ ಅಮ್ಮನೇ ಬಂದಂಗಾಯ್ತು" ಎಂದು ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ತುಟಿಗೆ ಹಚ್ಚಿ ಗಟಗಟ ಕುಡಿಯತೊಡಗಿದರು.

ಜಗದಾಂಬ ಅರ್ಧ ಎದ್ದು ನಿಂತಳು. "ಅಣ್ಣ, ಅದು..." ಎಂದವಳು ಸೆರಗು ಬಾಯಿಗಿಟ್ಟುಕೊಂಡಳು.

"ಅದು ನಿಮ್ಮಮ್ಮಂದಲ್ಲ. ಹೆಬ್ಬೆಟ್ಟು ತಗ್ದು ಓದಿ" ಎಂದೆ.

ಇವರು ಬಾಯಿ ತುಂಬ ನೀರಿಟ್ಟುಕೊಂಡೇ ಹೆಬ್ಬೆಟ್ಟು ಸರಿಸಿದರು.

"ಭೂತಯ್ಯನ ಮಗಳು ಕೆಂಚಮ್ಮಂದು ಅದು. ಆ ಹೆಸ್ರಿನೋರು ಈ ಮನೇಲಿ ಇಲ್ಲ ಅಂತ ನೀವೇ ತಂಗಿಗೆ ಕೊಟ್ಟಿದ್ರಲ್ಲ. ಹದಿನೈದು ವರ್ಷ ಅವಳ ಕಕ್ಕಸಲ್ಲಿತ್ತು. ಮೊನ್ನೆ ತಂದೆ."

ಬಾಯಲ್ಲಿದ್ದ ನೀರೆಲ್ಲ ಕಾಗದದ ಮೇಲೆ ಬಂತು. ತಂಬಿಗೆ ಕೆಳಗೆ ಬಿದ್ದು ಉರುಳಿತು, ನೆಗ್ಗಿದ್ದ ಬದಿಯೇ ಮತ್ತೆ ನೆಗ್ಗಿತು. ಇವರು ಮೇಜು ಹಿಡಿದು ಓ ಓ ಎನ್ನುತ್ತಿದ್ದರು. ಬೆಳಿಗ್ಗೆ ತಿಂದ ಬೇವು ಬೆಲ್ಲವೂ ಬಂತು. ಟೈಪ್ ಮಾಡಿದ ಅಕ್ಷರಗಳು ಆ ಹೊಲಸಿನಡಿ ಮುಚ್ಚಿಹೋದವು. ನನಗೆ ಹೇಸಿಗೆ ಅನ್ನಿಸಬೇಕಿತ್ತು. ಹಾಗೇ ನೋಡುತ್ತಾ ನಿಂತೆ.

"ತಲೆ ಕೆಟ್ಟೈತೇನೇ ನಿಂಗೆ? ನಾಳೇನೇ ಇನ್ನೊಂದು ಕಾಗ್ದ ತತ್ತೀನಿ" ಎಂದರು ಉಸಿರು ಬಂದ ಮೇಲೆ.

"ಎರಡು ತನ್ನಿ. ಗಂಗಾಮಣಿ ಅಂತ ಇದ್ದ ನಾನು ಇನ್ನು ಮುಂದೆ ಭೂ. ಕೆಂಚಮ್ಮ ಅಂತ ನಂದೂ ಒಂದು ಟೈಪ್ ಮಾಡಿಸಿ. ಪೇಪರಲ್ಲಿ ಅತ್ತೆದು ಸೊಸೆದು ಒಟ್ಟಿಗೇ ಬರ್ಲಿ. ಯಾಕೆ ಅಂತ ಊರೋರು ಕೇಳಿದ್ರೆ ತಂಬಿಗೆ ಕಥೆ ನಾನೇ ಹೇಳ್ತೀನಿ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಹಿತ್ತಿಲಿಗೆ ಓಡಿದರು. ಜಗದಾಂಬ ಊಟ ಮಾಡದೆ ಹೊರಟಳು. ವಸಂತ ಬಗ್ಗಿ ನೆಲ ಒರೆಸುತ್ತಿದ್ದ. ಹುಟ್ಟಿದ ಮೇಲೆ ಈ ಮನೆಯಲ್ಲಿ ಅವನು ನೆಲ ಒರೆಸಿದ್ದು ಇದೇ ಮೊದಲು.

ದೀಪಶ್ರೀ ಪೆನ್ನನ್ನು ಬ್ಯಾಗಿಗೆ ಹಾಕಿಕೊಂಡಳು. ತಂಬಿಗೆ ಎತ್ತಿ, ಅದರ ಹೆಸರು ಓದಿ, ಏನೋ ಹೇಳಲು ಹೊರಟಳು. ಅವಳಿಗಿಂತ ಮೊದಲು ನಾನೇ, "ನಿನ್ನ ಡಬ್ಬಿಗೆ ಹೂ ಹಾಕಿಸಿದ್ದು ನಾನು ಕಣಮ್ಮ" ಎಂದೆ.

"ಗೊತ್ತು ಅತ್ತೆ" ಎಂದಳು.

"ಜವರಯ್ಯ ಬರ್ಲಿ. ಹೂವಿನ ಮೇಲೆ ಆಗಲ್ಲ, ಇನ್ನೊಂದು ಬದಿಗೆ ಎಲ್ ಹಾಕಿಸ್ತೀನಿ."

ಅವಳು ಹೋಳಿಗೆ ಬಡಿಸಿದಳು. ಇಬ್ಬರೇ ಕೂತು ಉಂಡೆವು. ಹೊಟ್ಟೆ ತುಂಬ ಉಂಡೆ, ತುಪ್ಪ ಎರಡು ಸಲ ಹಾಕಿಸಿಕೊಂಡೆ. ಆಮೇಲೆ ಈ ಡೈರಿ ತೆಗೆದೆ. ಮೊದಲ ಪುಟದಲ್ಲಿ ಗಂಗಾಮಣಿ ಎಂದಿದ್ದುದನ್ನು ಹೊಡೆದುಹಾಕಲಿಲ್ಲ, ಪಾಪ, ಆ ಟೀಚರೇನು ಮಾಡಿದ್ದಳು. ಪಕ್ಕದಲ್ಲಿ ಭೂ. ಕೆಂಚಮ್ಮ ಎಂದು ಬರೆದೆ. ತಂದೆ ಅಥವಾ ಗಂಡನ ಹೆಸರು ಎಂಬಲ್ಲಿ ಭೂತಯ್ಯ ಎಂದು ತುಂಬಿಸಿದೆ.

ಮೂರು ಗಂಟೆಯಾಗುತ್ತ ಬಂತು. ಹಿತ್ತಿಲಿಗೆ ಓಡಿದ ದೇವೀರಪ್ಪ ಇನ್ನೂ ಬಾಯಿ ಮುಕ್ಕಳಿಸುತ್ತಲೇ ಇದ್ದಾರೆ.